ಸೊನ್ನೆಯೊಳಗಿನ ಹೆಸರು

ನನ್ನ ಹೆಂಡತಿ ಶಾಂಭವಿ ತನ್ನ ಆಯುಷ್ಯದ ಒಳ್ಳೆಯ ವರ್ಷಗಳನ್ನೆಲ್ಲ ಸೊನ್ನೆ ಎಲ್ಲಿದೆ ಎಂದು ಹುಡುಕುವುದರಲ್ಲಿ ಕಳೆದಳು. ನಾನು ಮೈಸೂರಿನ ಅಗ್ರಹಾರದಲ್ಲಿ ಕಾಫಿಪುಡಿ ಅಂಗಡಿ ಇಟ್ಟುಕೊಂಡವನು. ನನಗೆ ಆ ಕಷ್ಟ ಎಂದೂ ಬಂದಿಲ್ಲ. ತೂಕದ ಯಂತ್ರದ ಮೇಲೆ ಖಾಲಿ ಡಬ್ಬ ಇಟ್ಟು ಗುಂಡಿ ಒತ್ತಿದರೆ ಡಬ್ಬದ ತೂಕ ಮಾಯವಾಗಿ ಸೊನ್ನೆ ತಾನಾಗಿ ಬಂದು ಕೂರುತ್ತದೆ. ಆಮೇಲೆ ಹಾಕಿದ್ದೆಲ್ಲ ಪುಡಿಯ ತೂಕ. ಮದುವೆಯಾದ ಹೊಸದರಲ್ಲಿ ಇದನ್ನು ಜಾಣನಂತೆ ಅವಳಿಗೆ ಹೇಳಿ, ತಟ್ಟೆಯಲ್ಲಿದ್ದ ಮಸಾಲೆದೋಸೆ ತಣ್ಣಗಾಗುವವರೆಗೂ ಪಾಠ ಹೇಳಿಸಿಕೊಂಡಿದ್ದೇನೆ.

ಪಾಠದ ಸಾರ ಇಷ್ಟು. ದನಿ, ಬಿಸಿ, ಬೆಳಕು, ನರದ ಮಿಡಿತ ಎಲ್ಲವೂ ಅಲೆಯಾಗಿ ಹರಿಯುತ್ತವೆ. ಕಂಪ್ಯೂಟರಿಗೆ ಅಲೆ ಅರ್ಥವಾಗುವುದಿಲ್ಲ, ಅದಕ್ಕೆ ಅಂಕಿ ಬೇಕು. ಇಬ್ಬರ ನಡುವೆ ಕೂತು ಅಲೆಯನ್ನು ಅಳೆದು ಅಳೆದು ಅಂಕಿ ಮಾಡಿ ಕೊಡುವ ಪುಟ್ಟ ಸರ್ಕ್ಯೂಟಿಗೆ ಎ.ಡಿ.ಸಿ. ಎಂದು ಹೆಸರು. ಅದರದ್ದು ಒಂದೇ ರಗಳೆ. ಸೂಕ್ಷ್ಮವಾಗಿ ಅಳೆ ಎಂದರೆ ಕರೆಂಟು ತಿಂದು ಬಿಸಿಯಾಗುತ್ತದೆ. ಕರೆಂಟು ಉಳಿಸು ಎಂದರೆ ಒರಟೊರಟಾಗಿ ಅಳೆಯುತ್ತದೆ. ಫೋನು ಬಿಸಿಯಾದರೆ ಜೇಬಿನಿಂದ ತೆಗೆದಿಡಬಹುದು. ಚರ್ಮದ ಕೆಳಗೆ, ನರಕ್ಕೆ ಅಂಟಿಕೊಂಡು ಕೂತದ್ದು ಬಿಸಿಯಾದರೆ ನರವೇ ಬೆಂದುಹೋಗುತ್ತದೆ. ಶಾಂಭವಿಯ ಕೆಲಸ ಇದ್ದದ್ದು ಅಲ್ಲಿ.

ಹೂಟಗಳ್ಳಿಯಲ್ಲಿದ್ದ ಅವಳ ಕಂಪನಿ 'ಉಲಿ' ಎಂಬ ಸಾಧನ ಮಾಡುತ್ತಿತ್ತು. ಕಾಯಿಲೆಯಿಂದ ಮಾತು ಕಳೆದುಕೊಂಡವರಿಗಾಗಿ. ನಾಲಿಗೆ, ಗಂಟಲು ಅಲ್ಲಾಡದಿದ್ದರೂ ಮಿದುಳು 'ಹೀಗೆ ಹೇಳು' ಎಂದು ನರದಲ್ಲಿ ಅಪ್ಪಣೆ ಕಳಿಸುತ್ತಲೇ ಇರುತ್ತದಂತೆ. ಗದ್ದದ ಕೆಳಗೆ ಅಕ್ಕಿಕಾಳಿನಷ್ಟು ಚಿಪ್ ಇಟ್ಟು ಆ ಅಪ್ಪಣೆಯನ್ನು ಹಿಡಿದರೆ, ಕೊರಳಲ್ಲಿ ನೇತುಹಾಕಿದ ಪುಟ್ಟ ಸ್ಪೀಕರ್ ಅದನ್ನು ಮಾತಾಗಿ ಹೇಳುತ್ತದೆ. ಹೇಳಲು ಸುಲಭ. ಅದುವರೆಗೆ ಮಾಡಿದವರ ಚಿಪ್‌ಗಳು ಒಂದೋ ಕಾದವು, ಇಲ್ಲವೇ ತೊದಲಿದವು.

ಶಾಂಭವಿಯ ಉಪಾಯ ಸರಳವಾಗಿತ್ತು. ನರದಿಂದ ಬರುವ ಅಲೆಯಲ್ಲಿ ಮಾತು ಸಾಸಿವೆಯಷ್ಟು. ಉಳಿದದ್ದೆಲ್ಲ ಎದೆಬಡಿತ, ಉಸಿರು, ಎಂಜಲು ನುಂಗುವ ಗದ್ದಲ. ಅಳೆಯುವ ಮೊದಲೇ ಗದ್ದಲವನ್ನು ಕಳೆದುಬಿಟ್ಟರೆ, ಉಳಿದ ಸಾಸಿವೆಯನ್ನು ಅಳೆಯಲು ಚಿಕ್ಕ ಸರ್ಕ್ಯೂಟ್ ಸಾಕು, ಚಿಕ್ಕ ಬ್ಯಾಟರಿ ಸಾಕು. ಗದ್ದಲ ಯಾವುದು ಎಂದು ಗೊತ್ತಾಗುವುದು ಹೇಗೆ? ಮನುಷ್ಯ ಸುಮ್ಮನಿರುವಾಗ ಏನು ಬರುತ್ತದೋ ಅದು. ಹಾಗಾಗಿ ಬೆಳಿಗ್ಗೆ ಎಚ್ಚರವಾಗಿ ಇನ್ನೂ ಹಾಸಿಗೆಯಲ್ಲೇ ಇರುವ ಕೆಲವು ನಿಮಿಷ ಚಿಪ್ ಸುಮ್ಮನೆ ಕೇಳಿಸಿಕೊಳ್ಳುತ್ತದೆ. ದಿನದಿನವೂ ಅದೇ ರೂಪದಲ್ಲಿ ಮರಳಿ ಬರುವುದನ್ನು ಗುರುತು ಹಿಡಿದು, ಅದನ್ನೇ ಸೊನ್ನೆ ಎಂದು ಇಟ್ಟುಕೊಂಡು, ದಿನವಿಡೀ ಎಲ್ಲದರಿಂದ ಕಳೆಯುತ್ತದೆ.

"ನಿಮ್ಮ ಡಬ್ಬದ ತೂಕ ಇದ್ದ ಹಾಗೇ ಕಣ್ರೀ" ಎಂದು ಕೊನೆಗೆ ಅವಳೇ ಒಪ್ಪಿಕೊಂಡಳು. ನಾನು ಎರಡು ದಿನ ಬೀಗಿದೆ.

ಪ್ರಯೋಗಕ್ಕೆ ಕಂಪನಿಯ ಹುಡುಗ ಹುಡುಗಿಯರೇ ಕುತ್ತಿಗೆಗೆ ಪಟ್ಟಿ ಅಂಟಿಸಿಕೊಂಡು ಲ್ಯಾಬಿನ ಮಂಚದಲ್ಲಿ ಮಲಗಿ ಎದ್ದರು. ಎದ್ದ ಕೂಡಲೇ ಅವರ ತಲೆಯಲ್ಲಿ ಏನೂ ಇರಲಿಲ್ಲ. ಕಾಫಿ ಎಲ್ಲಿ ಎಂಬುದೊಂದು ಇತ್ತೇನೋ. ಅದೂ ನನ್ನ ಅಂಗಡಿಯದೇ. ಸೊನ್ನೆ ಸ್ವಚ್ಛವಾಗಿ ಬಂತು. ಎಲ್ಲರೂ ಚಪ್ಪಾಳೆ ತಟ್ಟಿದರು.

ಆ ಚಪ್ಪಾಳೆ ಮುಗಿಯುವ ಹೊತ್ತಿಗೆ ನಮ್ಮ ಮನೆಯಲ್ಲೇ ಉಲಿ ಬೇಕಾಗಿ ಬಂತು. ಶಾಂಭವಿಯ ತಾಯಿ ಗೌರಮ್ಮಣ್ಣಿ ನಮ್ಮ ಮದುವೆಯಾದಾಗಿನಿಂದ ನಮ್ಮೊಂದಿಗೇ ಇದ್ದವರು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿ ಊರಿನವರ ಮಾತನ್ನೆಲ್ಲ ಊರಿನವರಿಗೆ ಜೋಡಿಸಿ ನಿವೃತ್ತರಾದವರು. ಇಡೀ ಬೀದಿಗೆ ಕೇಳುವ ಕಂಠ. ಅವರಿಗೆ ನರಗಳು ಒಂದೊಂದಾಗಿ ಕೈಕೊಡುವ ಕಾಯಿಲೆ ಹಿಡಿಯಿತು. ಮೊದಲು ಹೋದದ್ದೇ ಮಾತು, ಆಮೇಲೆ ಕೈ, ಆಮೇಲೆ ಕಾಲು. ಗ್ಲುಕೋಮಾದಿಂದ ಕಣ್ಣು ಮೊದಲೇ ಮಂಜಾಗಿತ್ತು, ಹಾಗಾಗಿ ಅಕ್ಷರದ ಹಲಗೆ ತೋರಿಸಿ ಕಣ್ಣಲ್ಲಿ ಮಾತಾಡಿಸುವ ಹಾಗಿರಲಿಲ್ಲ. ಶಾಂಭವಿ ಪಕ್ಕದಲ್ಲಿ ಕೂತು ಅ, ಆ, ಇ, ಈ ಎಂದು ಹೇಳುತ್ತಾ ಹೋಗುವುದು, ಬೇಕಾದ ಅಕ್ಷರ ಬಂದಾಗ ಅತ್ತೆ ರೆಪ್ಪೆ ಮಿಟುಕಿಸುವುದು. ಬೆನ್ನು ತುರಿಸುತ್ತದೆ ಎಂದು ಹೇಳಲು ಒಂದು ಬೆಳಗು ಬೇಕು. ಅರ್ಧಕ್ಕೇ ಸಾಕಾಗಿ ಅವರು ಕಣ್ಣು ಮುಚ್ಚಿಬಿಡುತ್ತಿದ್ದರು.

ಶಸ್ತ್ರಚಿಕಿತ್ಸೆಯಾಗಿ ವಾರಗಳಾದ ಮೇಲೆ, ಅವರ ಎದೆಯ ಮೇಲೆ ಲಿಂಗದ ಬೆಳ್ಳಿ ಕರಡಿಗೆಯ ಪಕ್ಕದಲ್ಲಿ ತೂಗುತ್ತಿದ್ದ ಸ್ಪೀಕರ್ ಮೊದಲ ಬಾರಿಗೆ ಬಾಯಿಬಿಟ್ಟಿತು.

"ಶಾಂಭವಿ, ಫ್ಯಾನು ಕಮ್ಮಿ ಮಾಡವ್ವ. ಆವಾಗ್ಲಿಂದ ಚಳೀಲಿ ಸಾಯ್ತಿದ್ದೀನಿ."

ನನ್ನ ಹೆಂಡತಿ ಫ್ಯಾನು ಆರಿಸುವುದನ್ನು ಬಿಟ್ಟು ನೆಲದ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತಳು. ಕೊನೆಗೆ ನಾನೇ ಎದ್ದು ಆರಿಸಿದೆ.

ಆ ಮಳೆಗಾಲ ನಮ್ಮ ಮನೆಯಲ್ಲಿ ಹಬ್ಬ. ಅತ್ತೆ ಮಾತು ನಿಂತಿದ್ದ ದಿನಗಳ ಬಾಕಿಯನ್ನೆಲ್ಲ ತೀರಿಸಿಕೊಂಡರು. ಸಾರಿಗೆ ಉಪ್ಪು ಕಮ್ಮಿ ಎಂದು ವಾಸನೆಯಲ್ಲೇ ಹೇಳುತ್ತಿದ್ದರು. ಮೊಮ್ಮಗಳು ಇಂಚರಳ ಸ್ಕೂಟರ್ ಓಡಿಸುವ ಚಂದವನ್ನು ಗೇಟಿನ ಸದ್ದಿನಲ್ಲೇ ತೂಗಿ ಬೈಯುತ್ತಿದ್ದರು. "ಅಳಿಯಂದ್ರೇ, ಪುಡೀಲಿ ಚಿಕೋರಿ ಜಾಸ್ತಿ ಮಾಡಿದ್ದೀರಾ? ಘಮ್ಮನ್ನಲ್ಲ ಈಚೆಗೆ" ಎಂದು ನನ್ನ ಮಾನವನ್ನೂ ತೆಗೆದರು. ಇನ್ನೂ ನೂರಾರು ಮನೆಗಳಲ್ಲಿ ಹೀಗೇ ಆಯಿತು. ಕಂಪನಿ ಸಂತೋಷದಿಂದ ಉಬ್ಬಿತು.

ಚಳಿಗಾಲದ ಹೊತ್ತಿಗೆ ಶಾಂಭವಿಗೆ ಒಂದು ಕಸಿವಿಸಿ ಶುರುವಾಯಿತು. ಅಮ್ಮ ಅವಳ ಹೆಸರು ಹಿಡಿದು ಕರೆಯುವುದು ನಿಂತಿತ್ತು. ಎಲ್ಲ ಮಾತೂ ಬರುತ್ತದೆ, ಹೆಸರು ಮಾತ್ರ ಇಲ್ಲ. ಮೊದಮೊದಲು ಹೆಸರಿನ ಜಾಗದಲ್ಲಿ ಗೊರಗೊರ ಸದ್ದು, ಆಮೇಲೆ ಅದೂ ಇಲ್ಲ. "...ನೀರು ಕೊಡು." "...ಬಂದಿಲ್ವಾ ಇನ್ನೂ?" ಅಷ್ಟೇ.

"ಟ್ಯೂಬ್ ಹಾಕ್ಸಿದ್ದಕ್ಕೆ ಸಿಟ್ಟು ಅಮ್ಮಂಗೆ" ಎಂದಳು ಶಾಂಭವಿ. ಅತ್ತೆಗೆ ನುಂಗಲು ಆಗದೆ, ಹೊಟ್ಟೆಗೇ ನಳಿಗೆ ಹಾಕಿಸಿ ಗಂಜಿ ಹರಿಸುವ ತೀರ್ಮಾನ ಅವಳದೇ ಆಗಿತ್ತು. "ಬಾಯಲ್ಲಿ ಒಂದ್ ತುತ್ತು ಕೊಡದೆ ಹೋದ್ಲು ಅಂತ. ಹೆಸರೆತ್ತಲ್ಲ ನೋಡಿ ನಂದು."

"ನಿಮ್ಮಮ್ಮ ಸಿಟ್ಟು ಬಂದ್ರೆ ಹೆಸರನ್ನ ಇನ್ನೂ ಜೋರಾಗೇ ಕೂಗೋರು ಕಣೇ" ಎಂದೆ ನಾನು. ಅವಳಿಗೆ ಸಮಾಧಾನವಾಗಲಿಲ್ಲ. ಕೇಳಲು ಬಾಯಿಯೂ ಬರಲಿಲ್ಲ. ಇಂಥದ್ದನ್ನು ಹೆತ್ತ ತಾಯಿಯ ಹತ್ತಿರ ಯಾರು ತಾನೇ ನೆಟ್ಟಗೆ ಕೇಳುತ್ತಾರೆ? ಅವಳು ಟ್ಯೂಬಿಗೆ ಗಂಜಿ ಹಾಕುವಾಗ ಇನ್ನೂ ಮೆತ್ತಗೆ, ಇನ್ನೂ ಅಪರಾಧಿಯಂತೆ ಹಾಕತೊಡಗಿದಳು.

ಒಂದು ಭಾನುವಾರ ಶಾಂಭವಿ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದಳು, ನಾನು ಮುಂದೆ ಸ್ಕೂಟರ್ ಒರೆಸುತ್ತಿದ್ದೆ. ಒಳಗಿನಿಂದ ಸ್ಪೀಕರ್ ಒಮ್ಮೆಗೇ ಅರಚಿತು: "ಹಾಲು ಉಕ್ತು! ಹಾಲು ಉಕ್ತು!"

ಮೈಸೂರಿನಲ್ಲಿ ಈ ಮಾತಿಗೆ ಓಡದ ಮನುಷ್ಯನಿಲ್ಲ. ಇಬ್ಬರೂ ಅಡುಗೆಮನೆಗೆ ನುಗ್ಗಿದೆವು. ಒಲೆಯ ಮೇಲೆ ಹಾಲೇ ಇರಲಿಲ್ಲ. ಅತ್ತೆಯ ಕೋಣೆಯಲ್ಲಿ ನೋಡಿದರೆ, ದಿಂಬು ಜಾರಿ ಅವರು ಒಂದು ಪಕ್ಕಕ್ಕೆ ವಾಲಿ, ಮುಖ ಹಾಸಿಗೆಯ ಅಂಚಿಗೆ ಒತ್ತಿಕೊಂಡು ಮೂಗು ಮುಚ್ಚಿಹೋಗಿತ್ತು. ಎತ್ತಿ ಕೂರಿಸಿ ಬೆನ್ನು ಸವರಿದ ಮೇಲೆ ಸ್ಪೀಕರ್ ಮಾತಾಡಿತು.

"ಎಷ್ಟ್ ಸಲ ಕೂಗ್ದೆ ನಿನ್ನ. ಈ ಡಬ್ಬ ಉಸಿರೇ ಬಿಡ್ಲಿಲ್ಲ. ಅದಕ್ಕೆ ಹಾಲು ಅಂದೆ."

"ನೀನು ನನ್ನ ಹೆಸರು ಕೂಗ್ದ್ಯಾ ಅಮ್ಮ?"

"ಇನ್ಯಾರ್ ಹೆಸರು ಕೂಗ್ಲಿ? ದಿನಾನೂ ಕೂಗ್ತೀನಿ. ನಿಂಗೆ ಕೇಳಿಸಲ್ಲ, ನಾನೇನ್ ಮಾಡ್ಲಿ."

ಶಾಂಭವಿ ಮರುದಿನ ಲ್ಯಾಬಿಗೆ ಹೋದವಳು ಮಧ್ಯಾಹ್ನ ಫೋನ್ ಮಾಡಿದಳು. "ಊಟದ ಡಬ್ಬಿ ಮರ್ತಿದ್ದೀನಿ, ತಂದ್ಕೊಡಿ" ಎಂದಳು. ಊಟದ ಡಬ್ಬಿ ನೆಪ ಎಂದು ದನಿಯಲ್ಲೇ ಗೊತ್ತಾಯಿತು. ಒಬ್ಬಳೇ ಇರಲು ಅವಳಿಗೆ ಹೆದರಿಕೆಯಾಗಿತ್ತು.

ಲ್ಯಾಬಿನಲ್ಲಿ ಅವಳ ಸಹೋದ್ಯೋಗಿ ರೆಹಾನಾ ಇದ್ದಳು. ಚಿಪ್‌ಗಳನ್ನು ಪರೀಕ್ಷಿಸುವುದು ಅವಳ ಕೆಲಸ. ಪ್ರತಿ ಚಿಪ್ ತಾನು ಬೆಳಿಗ್ಗೆ ಕಂಡುಕೊಂಡ ಸೊನ್ನೆಯನ್ನು ದಿನಕ್ಕೊಮ್ಮೆ ಕಂಪನಿಗೆ ಕಳಿಸುತ್ತದೆ. ಯಾರೂ ಅದನ್ನು ತೆರೆದು ನೋಡುತ್ತಿರಲಿಲ್ಲ. ಸೊನ್ನೆಯಲ್ಲಿ ನೋಡುವುದೇನಿದೆ? ಆ ದಿನ ರೆಹಾನಾ ಅತ್ತೆಯ ಸೊನ್ನೆಯನ್ನೇ ಸ್ಪೀಕರಿಗೆ ಕೊಟ್ಟಳು.

"ಸರ್, ನೀವೂ ಸ್ವಲ್ಪ ಕೇಳಿ. ನಮಗೇ ಹಾಗನ್ಸ್ತಿದ್ಯಾ ಅಂತ" ಎಂದಳು.

ದಬ್ ದಬ್ ಎಂದು ಎದೆಬಡಿತ. ಉಸಿರಿನ ಸರಸರ. ಅದರ ನಡುವೆ, ನೀರಿನ ಕೆಳಗಿನಿಂದ ಬಂದ ಹಾಗೆ, ಅತ್ತೆಯ ದನಿ: "ಶಾಂಭವಿ." ಸ್ವಲ್ಪ ತಡೆದು ಇಂಚರಳ ಹೆಸರು, ಅದಿನ್ನೂ ಅರೆಬರೆ. ಆಮೇಲೆ ಏನೋ ಗುಣುಗುಣು, ಏನೂ ತಿಳಿಯದ್ದು. ಮತ್ತೆ ಎದೆಬಡಿತ.

ರೆಹಾನಾ ಅದನ್ನೇ ಇನ್ನೊಮ್ಮೆ ಹಾಕಿದಳು.

ನನಗೂ ಆಗ ನೆನಪಾಯಿತು. ಅತ್ತೆಗೆ ಎದ್ದ ಕೂಡಲೇ ಕಣ್ಣು ಬಿಡುವ ಅಭ್ಯಾಸವಿಲ್ಲ. ಕಣ್ಣು ಮುಚ್ಚಿಕೊಂಡೇ ಮನೆಯ ಒಬ್ಬೊಬ್ಬರ ಹೆಸರು ಹೇಳಿ ನಂಜುಂಡೇಶ್ವರನಿಗೆ ಒಪ್ಪಿಸಿ ಆಮೇಲೆ ಏಳುವವರು. ಬಾಯಿ ಚೆನ್ನಾಗಿದ್ದಾಗ ಪಕ್ಕದ ಕೋಣೆಗೆ ಗೊಣಗಿದ ಹಾಗೆ ಕೇಳುತ್ತಿತ್ತು. ಶಾಂಭವಿ ಹುಟ್ಟಿದಾಗಿನಿಂದ ಅದನ್ನು ಕೇಳಿ ಕೇಳಿ, ಅದು ನಲ್ಲಿಯ ಸದ್ದಿನಂತೆ ಅವಳ ಕಿವಿಗೆ ಬೀಳುವುದೇ ನಿಂತುಹೋಗಿತ್ತು. ಅವಳು ಮಾಡಿದ ಚಿಪ್ ಅವಳಂತೆಯೇ ಆಯಿತು. ದಿನಾ ಬರುವುದು ಗದ್ದಲ, ಕಳೆದುಬಿಡು. ಚಿಪ್‌ಗೆ ಎದೆಬಡಿತವೂ ಒಂದೇ, ಮಗಳ ಹೆಸರೂ ಒಂದೇ.

"ಮತ್ತೆ ಕೂಡಿಸೋಕಾಗಲ್ವಾ? ಕಳೆದದ್ದು ಗೊತ್ತಿದ್ಯಲ್ಲ" ಎಂದೆ ನಾನು.

"ಆಗಲ್ಲ ರೀ" ಎಂದಳು ಶಾಂಭವಿ. "ಅಂಕಿ ಆಗೋಕ್ಕೆ ಮುಂಚೇನೇ ಕಳೀತಿದೆ. ಅಂಕಿ ಆಗದೇ ಹೋದದ್ದು ಆಮೇಲೆ ಯಾವ ಸಾಫ್ಟ್‌ವೇರ್‌ಗೂ ಸಿಗಲ್ಲ. ಅಮ್ಮ ಯಾವಾಗ ಕೂಗಿದ್ರು, ಎಷ್ಟ್ ಸಲ ಕೂಗಿದ್ರು, ಒಂದೂ ಉಳಿದಿರಲ್ಲ. ಕಳೆದಾಗೆಲ್ಲ ಗುರುತು ಹಾಕೋಕ್ಕೆ ಒಂದು ಪುಟ್ಟ ಭಾಗ ಇಡ್ಬೇಕು ಅಂತಿದ್ಲು ರೆಹಾನಾ. ಕರೆಂಟು ದಂಡ ಅಂತ ನಾನೇ ಬೇಡ ಅಂದೆ."

"ಮೇಡಂ, ಅದನ್ನೆಲ್ಲ ಈಗ ಯಾಕೆ ಎತ್ತುತ್ತೀರ" ಎಂದಳು ರೆಹಾನಾ, ನೆಲ ನೋಡುತ್ತಾ.

ಸೊನ್ನೆ ಹುಡುಕುವುದನ್ನೇ ನಿಲ್ಲಿಸಿ ನೋಡಿದರು. ಹಾಗೆ ನಿಲ್ಲಿಸಲು ಹೊರಗಿನಿಂದ ಒಂದು ಅಪ್ಪಣೆ ಕೊಡಬಹುದಿತ್ತು. ಕೇಳಿಸಿಕೊಳ್ಳುವ ಹೊತ್ತನ್ನು ಬದಲಿಸುವ ಹಾಗಿರಲಿಲ್ಲ, ಅದು ಚಿಪ್‌ನಲ್ಲೇ ಅಚ್ಚಾಗಿತ್ತು. ಅರ್ಧ ದಿನದಲ್ಲಿ ಅತ್ತೆಯ ಸ್ಪೀಕರಿನಿಂದ ಬರೀ ಗುರ್ ಗುರ್ ಎಂಬ ಸದ್ದು, ಗದ್ದದ ಕೆಳಗೆ ಚರ್ಮ ಕೆಂಪಗೆ ಬೆಚ್ಚಗೆ. ಹೆದರಿ ಮತ್ತೆ ಶುರುಮಾಡಿದರು. ಚಿಪ್ ತೆಗೆದು ಬೇರೆ ಹಾಕೋಣವೆಂದರೆ, ಅತ್ತೆಯ ಶ್ವಾಸಕೋಶ ಇನ್ನೊಂದು ಅರಿವಳಿಕೆ ತಡೆಯುವುದಿಲ್ಲ ಎಂದು ಡಾಕ್ಟರು ಕಡ್ಡಿ ಮುರಿದ ಹಾಗೆ ಹೇಳಿದರು. ಹೊಸ ವಿನ್ಯಾಸ ಮಾಡಿ, ಹೊರದೇಶದ ಕಾರ್ಖಾನೆಯಲ್ಲಿ ಅಚ್ಚು ಹಾಕಿಸಿ, ಪರೀಕ್ಷೆ ಮುಗಿಸಿ ತರುವ ಹೊತ್ತಿಗೆ ಅತ್ತೆ ಇರುತ್ತಾರೋ ಇಲ್ಲವೋ. ಶಾಂಭವಿ ಆದರೂ ಅದನ್ನೇ ಹಿಡಿದು ಕೂತಳು. ಹಗಲೆಲ್ಲ ಪರದೆಯ ಮುಂದೆ, ತುಟಿ ಕಚ್ಚಿಕೊಂಡು. ಯಾರಿಗೋ ಮುಂದೆ ಉಪಯೋಗವಾಗುತ್ತದೆ ಎಂದು ನಾನು ಹೇಳಿದರೆ, "ಯಾರಿಗೋ!" ಎಂದು ಒಂದೇ ಮಾತಿನಲ್ಲಿ ನನ್ನ ಬಾಯಿ ಮುಚ್ಚಿಸಿದಳು.

ನಮ್ಮದೊಂದೇ ಮನೆಯಲ್ಲ. ಕೇಳಿ ನೋಡಿದರೆ ಎಲ್ಲ ಕಡೆಯೂ ಅದೇ. ಮಂಡ್ಯದ ಒಬ್ಬ ಹಿರಿಯರಿಗೆ ದೇವರ ಹೆಸರು ಹೋಗಿತ್ತು. ಹಾಸನದ ಒಬ್ಬ ತಾಯಿಗೆ, ತೀರಿಕೊಂಡ ಮಗುವಿನ ಹೆಸರು. ಕುಶಾಲನಗರದ ಒಬ್ಬ ಗಂಡಸಿಗೆ ಹೆಂಡತಿಯ ಹೆಸರು ಹೋಗಿ ಬೇರೆ ಯಾರದೋ ಹೆಸರು ಚೆನ್ನಾಗಿ ಉಳಿದಿತ್ತು. ಅವರ ಹೆಂಡತಿ ಅದನ್ನು ಹೆಮ್ಮೆಯಿಂದಲೇ ಹೇಳಿಕೊಂಡರು: "ದಿನಾ ನೆನೆಯೋರದ್ದು ಹೋಗುತ್ತಂತೆ, ಹಂಗಾದ್ರೆ ನಂದೇ ಅಲ್ವಾ?" ಜನ ಹೇಗೋ ಹೊಂದಿಕೊಂಡರು. ಹೆಸರು ಸವೆದಾಗ ಹೊಸ ಹೆಸರು ಇಟ್ಟುಕೊಂಡರು. ಪುಟ್ಟಿ ಸವೆದರೆ ಚಿನ್ನಿ, ಚಿನ್ನಿ ಸವೆದರೆ ಬಂಗಾರಿ. ಪ್ರೀತಿ ಹೆಚ್ಚಿದ್ದ ಮನೆಗಳಲ್ಲಿ ಹೆಸರು ಬೇಗ ಬೇಗ ಖರ್ಚಾದವು.

ಕಂಪನಿಯ ಮೇಲಿನವರು ಪೂರ್ತಿ ಕೇಳಿಸಿಕೊಂಡು, ಮರುಕಪಟ್ಟು, ತಮ್ಮ ಅಂಕಿಅಂಶ ತೋರಿಸಿದರು. ಮನುಷ್ಯ ದಿನವಿಡೀ ಆಡುವ ಮಾತಿನಲ್ಲಿ ಹೀಗೆ ಹೋಗುವುದು ಒಂದೋ ಎರಡೋ ಪದ. ಉಳಿದದ್ದೆಲ್ಲ ಸರಿಯಾಗಿದೆ. ನಿಖರತೆಯಲ್ಲಿ ಜಗತ್ತಿನಲ್ಲೇ ಇದಕ್ಕೆ ಸಾಟಿಯಿಲ್ಲ. ಅದು ಸುಳ್ಳಲ್ಲ, ಅದೇ ನನ್ನ ಹೊಟ್ಟೆ ಉರಿಸಿದ್ದು. ಸುಳ್ಳು ಹೇಳಿದ್ದರೆ ಜಗಳವಾದರೂ ಆಡಬಹುದಿತ್ತು.

ಉಳಿದದ್ದು ಒಂದೇ ದಾರಿ. ಅದನ್ನು ಶಾಂಭವಿ ಅಮ್ಮನ ಕಾಲ ಬಳಿ ಕೂತು, ಅವರ ಪಾದ ನೀವುತ್ತಾ ಹೇಳಿದಳು.

"ಅಮ್ಮ, ಬೆಳಿಗ್ಗೆ ಎದ್ದ ತಕ್ಷಣ ನಮ್ಮ ಹೆಸರು ಹೇಳ್ಕೋಬೇಡ. ಸ್ವಲ್ಪ ದಿನ. ಸುಮ್ನೆ ಇದ್ಬಿಡು. ಆಗ ಚಿಪ್ ಮರೀತದೆ, ಹೆಸರು ವಾಪಸ್ ಬರ್ತದೆ."

"ಹೇಳ್ಕೊಳ್ದೆ ಹೆಂಗವ್ವ ಏಳೋದು?" ಎಂದಿತು ಸ್ಪೀಕರ್.

"ಬೇರೆ ಏನಾದ್ರೂ ಅಂದ್ಕೊ. ಬೇಡದೇ ಇರೋದು. ಮಗ್ಗಿ ಹೇಳ್ಕೊ."

"ಈ ವಯಸ್ಸಲ್ಲಿ ಮಗ್ಗಿ!" ಎಂದರು ಅತ್ತೆ. ಸ್ಪೀಕರಿಗೆ ನಗು ಬರುವುದಿಲ್ಲ. ಆದರೆ ಅವರ ಕಣ್ಣಿನಲ್ಲಿ ಇತ್ತು.

ಹೇಳಿದ್ದನ್ನು ಮಾಡಿದರು. ಬೆಳಿಗ್ಗೆ ಎದ್ದು ಹದಿಮೂರರ ಮಗ್ಗಿ. ಅದು ಅವರಿಗೆ ಯಾವತ್ತೂ ಸರಿಯಾಗಿ ಬಂದಿರಲಿಲ್ಲವಂತೆ; ತಪ್ಪದಂತೆ ಹೇಳಲು ಹೋದರೆ ಬೇರೇನೂ ಮನಸ್ಸಿಗೆ ಬರುವುದಿಲ್ಲ ಎಂದು ಅವರೇ ಆರಿಸಿಕೊಂಡದ್ದು. ಕೆಲವು ವಾರ ಕಳೆಯಿತು. ಲ್ಯಾಬಿನಲ್ಲಿ ರೆಹಾನಾ ಅತ್ತೆಯ ಸೊನ್ನೆಯನ್ನು ನೋಡುತ್ತಾ ಹೆಸರು ತೆಳುವಾಗುತ್ತಿದೆ ಎಂದು ಸುದ್ದಿ ಕೊಡುತ್ತಿದ್ದಳು. ಒಂದು ಸಂಜೆ ಶಾಂಭವಿ ಕೆಲಸದಿಂದ ಬಂದು ಚಪ್ಪಲಿ ಬಿಡುತ್ತಿದ್ದಾಗ ಒಳಗಿನಿಂದ ಕೇಳಿತು.

"ಶಾಂಭವಿ, ಬಂದ್ಯಾ?"

ಅವಳು ಒಂದು ಕಾಲಿನಲ್ಲಿ ಚಪ್ಪಲಿ ಹಾಕಿಕೊಂಡೇ ಒಳಗೆ ಓಡಿದಳು. "ಬಂದೆ ಅಮ್ಮ. ಇನ್ನೊಂದ್ ಸಲ ಕರಿ." ಅತ್ತೆ ಕರೆದರು. ಮತ್ತೊಂದು ಸಲ ಎಂದಳು. ಮತ್ತೆ ಕರೆದರು. ನಲವತ್ತು ದಾಟಿದ ಹೆಂಗಸು, ಚಿಕ್ಕ ಹುಡುಗಿಯಂತೆ ಮಂಚಕ್ಕೆ ತಲೆಯಿಟ್ಟು ಕರೆಸಿಕೊಂಡಳು. ನಾನು ಬಾಗಿಲ ಬಳಿ ನಿಂತು ನೋಡಿದೆ. ನನಗೂ ಕಣ್ಣು ತುಂಬಿತು. ಹೇಳಿಕೊಳ್ಳಲು ನಾಚಿಕೆಯೇನಿಲ್ಲ.

ಅದಾದ ಐದಾರು ದಿನಕ್ಕೆ ಇಂಚರ ರಿಂಗ್ ರೋಡಿನಲ್ಲಿ ಸ್ಕೂಟರ್‌ನಿಂದ ಬಿದ್ದಳು. ಮರಳಿನ ಮೇಲೆ ಜಾರಿದ್ದು. ಮೊಣಕೈ ಮುರಿಯಿತು, ಹಲ್ಲಿನ ತುದಿ ಹೋಯಿತು. ಹಿಂದೆ ಬಂದ ಲಾರಿಯವನು ಬ್ರೇಕ್ ಹಾಕಿದ್ದು ದೇವರ ದಯೆ ಎಂದು ನೋಡಿದವರು ಹೇಳಿದರು. ಆ ಮಾತನ್ನು ಯಾರೋ ಅತ್ತೆಯ ಮುಂದೆಯೂ ಆಡಿದರು.

ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಮಗಳು ಮನೆಗೆ ಬಂದ ದಿನ ಅತ್ತೆ ಶಾಂಭವಿಯನ್ನು ಹತ್ತಿರ ಕರೆದರು. ಹೆಸರು ಹಿಡಿದೇ ಕರೆದರು.

"ಶಾಂಭವಿ, ನಾಳೆಯಿಂದ ನಾನು ನನ್ನ ಪಾಡಿಗೆ ಹೇಳ್ಕೊತೀನಿ."

"ಅಮ್ಮ, ಅದು ಮರಳಿಗೆ ಜಾರಿದ್ದು. ಅದಕ್ಕೂ ಇದಕ್ಕೂ ಏನ್ ಸಂಬಂಧ?"

"ಸಂಬಂಧ ಇಲ್ದೇ ಇರ್ಬೋದು. ನಾನು ನಿನ್ನಷ್ಟು ಓದ್ದೋಳಲ್ಲ, ಗೊತ್ತಿಲ್ಲ. ಆದ್ರೆ ಅವತ್ತು ಬೆಳಿಗ್ಗೆ ನಾನು ಹದಿಮೂರ್ ಏಳ್ಲ ಎಷ್ಟು ಅಂತ ಯೋಚ್ನೆ ಮಾಡ್ತಿದ್ದೆ. ಮಗು ರಸ್ತೇಲಿತ್ತು."

"ಹಂಗಾದ್ರೆ ಮತ್ತೆ ನನ್ನ ಹೆಸರು ಹೋಗುತ್ತೆ. ಇನ್ನೊಂದ್ ಸಲ ವಾಪಸ್ ಬರೋಕ್ಕೆ..." ಶಾಂಭವಿ ಮಾತು ಮುಗಿಸಲಿಲ್ಲ. ಅತ್ತೆಗೆ ಅಷ್ಟು ಸಮಯವಿಲ್ಲ ಎಂಬುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು, ಅತ್ತೆಗೂ.

"ಹೋಗ್ಲಿ ಬಿಡು. ಹೆಸರು ನಂಗೆ ಕರೆಯೋಕ್ಕೆ ಬೇಡ ಕಣವ್ವ. ಕಾಯೋಕ್ಕೆ ಬೇಕು."

ಶಾಂಭವಿ ವಾದಿಸಿದಳು, ಬೇಡಿಕೊಂಡಳು, ಒಂದೆರಡು ಬಿರುಸಿನ ಮಾತೂ ಆಡಿದಳು. "ನಾನು ಕೇಳ್ತಿರೋದು ಒಂದೇ ಒಂದು, ಅಮ್ಮ. ನಿನ್ನ ಬ್ರೇನಲ್ಲಿ ಏನೇನೋ ಇರ್ಲಿ, ನನ್ನ ಹೆಸರು ಕರಿ" ಎಂದಳು. ಅತ್ತೆ ಕಣ್ಣು ಮುಚ್ಚಿಕೊಂಡರು. ನನ್ನ ಹೆಂಡತಿ ವೋಲ್ಟಿನ ಹತ್ತು ಲಕ್ಷದಲ್ಲೊಂದು ಭಾಗವನ್ನು ಹಿಡಿದು ನಿಲ್ಲಿಸಬಲ್ಲವಳು. ಮುದುಕಿಯೊಬ್ಬಳು ಬೆಳಿಗ್ಗೆ ಮನಸ್ಸಿನಲ್ಲಿ ಅಂದುಕೊಳ್ಳುವುದನ್ನು ನಿಲ್ಲಿಸಲು ಅವಳಿಂದ ಆಗಲಿಲ್ಲ.

ಹೆಸರು ಹೋಯಿತು. ಈ ಸಲ ಬೇಗ ಹೋಯಿತು, ಅತ್ತೆ ಬಿಟ್ಟ ದಿನಗಳದ್ದನ್ನೂ ಸೇರಿಸಿ ಹೇಳಿಕೊಂಡರೋ ಏನೋ. ಇಂಚರಳ ಹೆಸರು ಹೋಯಿತು. ನನ್ನನ್ನು ಕರೆಯುತ್ತಿದ್ದ 'ಅಳಿಯಂದ್ರು' ಎಂಬುದೂ ಒಂದು ದಿನ ಹೋದಾಗ, ಬೆಳಗಿನ ಆ ಹೆಸರುಗಳಲ್ಲಿ ನಾನೂ ಇದ್ದೆ ಎಂದು ತಿಳಿಯಿತು. ಚಿಕೋರಿಯ ಬಗ್ಗೆ ಅಷ್ಟು ಬೈದವರು. ಅಂಗಡಿಯಲ್ಲಿ ಗಿರಾಕಿಯ ಮುಂದೆ ಪುಡಿ ತೂಗುತ್ತಾ ಅದು ನೆನಪಾಗಿ, ಗುಂಡಿ ಒತ್ತಿ ಸೊನ್ನೆ ಬರುವುದನ್ನು ನೋಡಿ ಕೈ ನಿಂತುಬಿಟ್ಟಿತು. "ಯಾಕ್ ಸ್ವಾಮಿ, ಮಿಷನ್ ಕೆಟ್ಟಿದ್ಯಾ?" ಎಂದರು ಅವರು. ಸರಿಯಾಗಿಯೇ ಇದೆ ಎಂದೆ.

ಬೇಸಿಗೆಯ ಹೊತ್ತಿಗೆ ನರವೇ ಸೋಲತೊಡಗಿತು. ಉದ್ದನೆಯ ಮಾತುಗಳು ನಿಂತವು. ನಡುನಡುವೆ ತಡೆದು, ಎರಡು ಮೂರು ಪದ ಬಂದರೆ ಹೆಚ್ಚು. ಶಾಂಭವಿ ರಜೆ ಹಾಕಿ ಮನೆಯಲ್ಲೇ ಉಳಿದಳು. ಪ್ರತಿದಿನ ಬೆಳಿಗ್ಗೆ ಅತ್ತೆಯ ಸೊನ್ನೆಯನ್ನು ತರಿಸಿಕೊಂಡು ಕಿವಿಗೆ ಹಚ್ಚಿ ಕೇಳುವುದು ಅವಳಿಗೆ ಚಟವಾಯಿತು. ತನ್ನ ಹೆಸರು, ಮಗಳ ಹೆಸರು, ಅಳಿಯಂದ್ರು, ಆಮೇಲೆ ಆ ಗುಣುಗುಣು. ಹೆಸರುಗಳು ಸ್ಪಷ್ಟ. ಅವುಗಳ ಹಿಂದೆ ಬರುವ ಮಾತು ಒಂದರ ಮೇಲೊಂದು ಬಿದ್ದು ಕಲಸಿಹೋಗಿತ್ತು. ಚಿಪ್‌ನಲ್ಲಿದ್ದ ಜಾಗ ಚಿಕ್ಕದು, ದಿನದಿನದ ಮಾತನ್ನೂ ಒಂದೇ ಅಚ್ಚಿನ ಮೇಲೆ ಒತ್ತಿ ಒತ್ತಿ ಇಟ್ಟಿತ್ತು. ರೆಹಾನಾ ಎಷ್ಟು ಬಿಡಿಸಿದರೂ ಅದು ಬಿಚ್ಚಿಕೊಳ್ಳಲಿಲ್ಲ.

"ನಮಗೋಸ್ಕರ ಏನೋ ಕೇಳ್ಕೊತಿದ್ದಾರೆ ರೀ. ಏನು ಅಂತ ಗೊತ್ತಾಗ್ತಿಲ್ಲ" ಎಂದಳು ಶಾಂಭವಿ. ಕೊನೆಗೆ ಒಂದು ಬೆಳಿಗ್ಗೆ, ಅತ್ತೆಯ ಮುಖ ಒರೆಸಿ, ತಲೆಗೆ ಎರಡು ದಿಂಬು ಕೊಟ್ಟು ಕೂರಿಸಿ, ನೇರವಾಗಿ ಕೇಳಿದಳು.

"ಅಮ್ಮ, ನಮ್ಮ ಹೆಸರೆಲ್ಲ ಹೇಳಿ ಆದ್ಮೇಲೆ ಏನಂತ ಹೇಳ್ಕೊತೀಯ? ನಂಗೊಂದ್ ಸಲ ಹೇಳು."

ಅತ್ತೆಯ ಕಣ್ಣು ಅರಳಿತು. ಅವರು ಹೇಳತೊಡಗಿದರು. ಅದು ನಮಗೆ ಕಾಣುತ್ತಿತ್ತು: ಹುಬ್ಬಿನ ನಡುವೆ ಒಂದು ಸಣ್ಣ ಗೆರೆ, ರೆಪ್ಪೆ ಅರ್ಧ ಮುಚ್ಚಿದ್ದು, ಉಸಿರು ನಿಧಾನವಾಗಿ ಏಳುತ್ತಾ ಇಳಿಯುತ್ತಾ. ಸ್ಪೀಕರ್ ಸುಮ್ಮನಿತ್ತು. ಶಾಂಭವಿ ಅದನ್ನು ಕೈಯಲ್ಲಿ ಹಿಡಿದು ಕಿವಿಗೆ ಒತ್ತಿಕೊಂಡಳು. ಅತ್ತೆ ಪೂರ್ತಿ ಹೇಳಿ ಮುಗಿಸಿದರು. ಒಂದು ಸದ್ದೂ ಬರಲಿಲ್ಲ. ಅದೂ ದಿನದಿನದ ಮಾತೇ ಅಲ್ಲವೇ.

"ಬೇರೆ ಥರ ಹೇಳಮ್ಮ. ಬೇರೆ ಮಾತಲ್ಲಿ."

"ಬೇರೆ ಮಾತು... ಅದಲ್ಲ" ಎಂದಿತು ಸ್ಪೀಕರ್.

ಶಾಂಭವಿ ಹಳೆಯ ದಾರಿ ಹಿಡಿದಳು. "ಸರಿ, ನಾನು ಅಕ್ಷರ ಹೇಳ್ತೀನಿ, ನೀನು ಕಣ್ಣು ಮಿಟುಕ್ಸು. ಅ... ಆ... ಇ..." ಅತ್ತೆ ಎರಡೂ ಕಣ್ಣು ಬಿಗಿಯಾಗಿ ಮುಚ್ಚಿದರು. ದೇವರಿಗೆ ಒಪ್ಪಿಸುವ ಮಾತನ್ನು ಅಕ್ಷರ ಬಿಡಿಸಿ ಹೇಳಲು ಅವರಿಗೆ ಮನಸ್ಸಿರಲಿಲ್ಲವೋ, ಶಕ್ತಿ ಇರಲಿಲ್ಲವೋ. ಶಾಂಭವಿ ಈ ಎಂದಳು, ಉ ಎಂದಳು, ಅಲ್ಲಿಗೆ ನಿಲ್ಲಿಸಿದಳು.

ಬಹಳ ಹೊತ್ತಿನ ಮೇಲೆ ಅತ್ತೆ ಕಣ್ಣು ಬಿಟ್ಟರು. ಸ್ಪೀಕರ್ ಒಂದೊಂದೇ ಪದ ಬಿಡುತ್ತಾ ಮಾತಾಡಿತು.

"ದಿನಾ... ಹೇಳೋದೇ. ನಿಂಗೆ... ಗೊತ್ತಲ್ಲ. ಚಿಕ್ಕೋಳಿದ್ದಾಗಿಂದ... ಕೇಳಿದ್ದೀಯಲ್ಲ."

ಶಾಂಭವಿ ಅಮ್ಮನ ಮುಖವನ್ನೇ ನೋಡಿದಳು. ಆಮೇಲೆ ಅವರ ಕೈಯನ್ನು ತನ್ನ ಕೆನ್ನೆಗೆ ಒತ್ತಿಕೊಂಡಳು.

"ಹೂಂ ಕಣಮ್ಮ, ಗೊತ್ತು. ಕೇಳಿದ್ದೀನಿ."

ಅತ್ತೆಗೆ ಸಮಾಧಾನವಾಯಿತು. ಹುಬ್ಬಿನ ಗೆರೆ ಸಡಿಲವಾಗಿ, ಅವರು ಹಾಗೇ ನಿದ್ದೆಗೆ ಜಾರಿದರು.

ಅಡುಗೆಮನೆಯಲ್ಲಿ ನಾನು ಡಿಕಾಕ್ಷನ್ ಇಳಿಯಲು ಕಾಯುತ್ತಾ ನಿಂತಿದ್ದಾಗ ಶಾಂಭವಿ ಬಂದಳು. ಇಂಚರಳನ್ನು ಆಗಲೇ ಕೇಳಿಯಾಗಿತ್ತಂತೆ. ಅಜ್ಜಿ ಬೆಳಿಗ್ಗೆ ಏನೋ ಗೊಣಗುತ್ತಿದ್ದದ್ದಷ್ಟೇ ಅವಳಿಗೆ ಗೊತ್ತು.

"ರೀ, ಇಷ್ಟು ವರ್ಷ ಈ ಮನೇಲಿದ್ದೀರಲ್ಲ. ಅಮ್ಮಂಗೆ ಮಾತು ಚೆನ್ನಾಗಿದ್ದಾಗ. ಒಂದ್ ದಿನವಾದ್ರೂ ನಿಮ್ಮ ಕಿವಿಗೆ ಬಿದ್ದಿತ್ತಾ, ಏನಂತಿದ್ರು ಅಂತ?"

ನಾನು ನೆನಪು ಮಾಡಿಕೊಳ್ಳಲು ನೋಡಿದೆ. ಇಪ್ಪತ್ತು ವರ್ಷ ಒಂದು ಗೋಡೆಯ ಈಚೆ ಮಲಗಿ ದಿನಾ ಬೆಳಿಗ್ಗೆ ಅದನ್ನು ಕೇಳಿದ್ದೆ. ಅವಳು ನನ್ನ ಬಾಯನ್ನೇ ನೋಡುತ್ತಿದ್ದಳು.

"ಇಲ್ಲ ಕಣೇ" ಎಂದೆ.